ಬಡಗಣ ಅಂಚಿನ ಕಲ್ಲುಮನೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಕಡೆಯ ಹಿರಿಯರ ಮೊಬೈಲಿನಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿನ ಫೋಟೊ ಒಂದಾದರೂ ಇರುತ್ತದೆ. ಕಂಬಿಗೆ ಒರಗಿ ನಿಂತ ಗಂಡ ಹೆಂಡತಿ, ಬೆನ್ನ ಹಿಂದೆ ಕೆಂಪು ಕಣಿವೆ. ಅದು ಹೆಚ್ಚುಕಮ್ಮಿ ಯಾವಾಗಲೂ ಕಣಿವೆಯ ದಕ್ಷಿಣದ ಅಂಚು, ಅಲ್ಲಿನವರ ಬಾಯಲ್ಲಿ ಸೌತ್ ರಿಮ್. ಫೀನಿಕ್ಸಿನಿಂದಲೋ ಲಾಸ್ ವೇಗಸ್ಸಿನಿಂದಲೋ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ನಾಲ್ಕಾರು ಕಡೆ ಇಳಿದು ನೋಡಿ, ಕಾಫಿ ಕುಡಿದು, ಕತ್ತಲಾಗುವ ಮುಂಚೆ ವಾಪಸು ಹೊರಡಬಹುದು. ಎದುರು ದಡದಲ್ಲಿ, ಉತ್ತರದ ಅಂಚಿನ ತೀರಾ ತುದಿಯಲ್ಲಿ, ಕಲ್ಲು ಮತ್ತು ಮರದ ದಿಮ್ಮಿಗಳಿಂದ ಕಟ್ಟಿದ ಒಂದು ಲಾಡ್ಜ್ ಇತ್ತು. ಈ ಉದ್ಯಾನಕ್ಕೆ ಬರುವವರಲ್ಲಿ ಹತ್ತಕ್ಕೆ ಒಬ್ಬರು ಮಾತ್ರ ಆ ಕಡೆ ಹೋಗುತ್ತಿದ್ದರು. 2025ರ ಜುಲೈ 12ರ ರಾತ್ರಿ ಅದು ಕಾಡ್ಗಿಚ್ಚಿಗೆ ಸಿಕ್ಕಿ ಸುಟ್ಟುಹೋಯಿತು.

ದೂರದ ದೇಶದ ಒಂದು ವಸತಿಗೃಹದ ಗೊಡವೆ ನಮಗೇಕೆ ಎಂದು ಓದುಗರು ಕೇಳಬಹುದು. ಕಣಿವೆಯನ್ನು ನೋಡಿಬರುವುದಕ್ಕೂ ಅದರ ಅಂಚಿನಲ್ಲಿ ರಾತ್ರಿ ತಂಗುವುದಕ್ಕೂ ಎಷ್ಟು ಅಂತರ ಎಂಬುದನ್ನು ನನಗೆ ಕಲಿಸಿದ ಮನೆ ಅದು. ಅಂಥ ಮನೆ ಅಂಥ ಜಾಗದಲ್ಲಿ ನಿಲ್ಲಬೇಕಾದರೆ ನೀರು, ಹಿಮ, ಕಾಡು, ಬೆಂಕಿ ಇಷ್ಟರ ಜೊತೆಗೂ ಹೊಂದಿಕೊಂಡು ಬಾಳಬೇಕು. ಒಂದರಲ್ಲಿ ತಪ್ಪಿದರೂ ಉಳಿದವು ಕಾಯುವುದಿಲ್ಲ. ಘಟ್ಟದ ನೆತ್ತಿಗಳ ಮೇಲೆಲ್ಲ ರೆಸಾರ್ಟು, ಹೋಮ್‌ಸ್ಟೇ ಏಳುತ್ತಿರುವ ನಮ್ಮ ಕಾಲದಲ್ಲಿ ಈ ಕಥೆ ನಮಗೂ ಬೇಕಾದದ್ದೇ.

ಮೊದಲು ಆ ದೂರದ ಬಗ್ಗೆ ಹೇಳಬೇಕು. ಹದ್ದು ಹಾರಿದರೆ ಎರಡು ಅಂಚುಗಳ ನಡುವೆ ಇರುವುದು 16 ಕಿಲೋಮೀಟರು. ಕಾರಿನಲ್ಲಿ ಹೋಗುವವರಿಗೆ ಸುಮಾರು 350 ಕಿಲೋಮೀಟರು, ಹತ್ತಿರ ಹತ್ತಿರ ಐದು ಗಂಟೆಯ ಹಾದಿ. ಕೊಲರಾಡೊ ನದಿಯನ್ನು ದಾಟಲು ಪೂರ್ವಕ್ಕೆ ಬಹಳ ದೂರ ಸುತ್ತಿ, 1929ರಲ್ಲಿ ತೆರೆದ ನವಾಹೋ ಸೇತುವೆಯ ಬಳಿಗೆ ಹೋಗಬೇಕು. ಅಲ್ಲಿಂದ ಮರುಭೂಮಿಯ ಬಯಲು ದಾಟಿ ಕೈಬಾಬ್ ಪ್ರಸ್ಥಭೂಮಿ ಹತ್ತಿದರೆ ಜಾಕಬ್ ಲೇಕ್ ಎಂಬ ಕೂಡುದಾರಿ ಸಿಗುತ್ತದೆ. ಅಲ್ಲಿಂದ ಲಾಡ್ಜಿಗೆ ಇನ್ನೂ 70 ಕಿಲೋಮೀಟರು. ಆ ರಸ್ತೆ ಬೇರೆಲ್ಲಿಗೂ ಹೋಗುವುದಿಲ್ಲ, ಕಣಿವೆಯ ಬಾಯಿಯಲ್ಲಿ ಮುಗಿಯುತ್ತದೆ. ಲಾಡ್ಜ್ ಇದ್ದದ್ದು ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರದಲ್ಲಿ; ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಐನೂರು ಮೀಟರಿಗೂ ಮೇಲೆ. ಅಷ್ಟು ಎತ್ತರದಲ್ಲಿ ಚಳಿಗಾಲಕ್ಕೆ ಆಳೆತ್ತರದ ಹಿಮ ಬೀಳುತ್ತದೆ, ರಸ್ತೆ ಮುಚ್ಚುತ್ತದೆ. ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗಿನ ಐದು ತಿಂಗಳು ಮಾತ್ರ ಅಲ್ಲಿ ಒಲೆ ಉರಿಯುತ್ತಿತ್ತು.

ಇಂಥ ಕಡೆ ಲಾಡ್ಜ್ ಕಟ್ಟುವ ಯೋಚನೆ ಬಂದದ್ದು ರೈಲು ಕಂಪನಿಗೆ. ದಕ್ಷಿಣದ ಅಂಚಿಗೆ ಸಾಂಟಾ ಫೆ ರೈಲು ಬಂದು, 1905ರಲ್ಲಿ ಎಲ್ ಟೋವರ್ ಹೋಟೆಲು ತೆರೆದು, ಪ್ರವಾಸಿಗರು ದಂಡುಗಟ್ಟಿ ಇಳಿಯತೊಡಗಿದ್ದರು. ಪೈಪೋಟಿಯ ಯೂನಿಯನ್ ಪೆಸಿಫಿಕ್ ಕಂಪನಿ ಉತ್ತರದ ಕಡೆಯಿಂದ ಲಗ್ಗೆ ಹಾಕಿತು. ಯೂಟಾ ರಾಜ್ಯದ ಸೀಡರ್ ಸಿಟಿವರೆಗೆ ರೈಲು; ಅಲ್ಲಿಂದ ಬಸ್ಸಿನಲ್ಲಿ ಜಯಾನ್, ಬ್ರೈಸ್ ಕಣಿವೆಗಳು, ಕೊನೆಗೆ ಗ್ರ್ಯಾಂಡ್ ಕ್ಯಾನಿಯನ್ನಿನ ಉತ್ತರದ ಅಂಚು, ಹೀಗೊಂದು ಸುತ್ತು. ಮೂರು ಕಡೆಗೂ ಲಾಡ್ಜ್ ವಿನ್ಯಾಸ ಮಾಡಿದವನು ಗಿಲ್ಬರ್ಟ್ ಸ್ಟ್ಯಾನ್ಲಿ ಅಂಡರ್‌ವುಡ್. ಯೊಸೆಮಿಟಿ ಕಣಿವೆಯ ಹೆಸರಾಂತ ಅವಾನಿ ಹೋಟೆಲೂ ಅವನದೇ. ಗ್ರ್ಯಾಂಡ್ ಕ್ಯಾನಿಯನ್ ಲಾಡ್ಜ್ 1928ರಲ್ಲಿ ಬಾಗಿಲು ತೆರೆಯಿತು. ಅಡುಗೆಮನೆಯಲ್ಲಿ, ಬಡಿಸುವಲ್ಲಿ, ಕೋಣೆ ಗುಡಿಸುವಲ್ಲಿ ಕೆಲಸಕ್ಕಿದ್ದವರು ಹೆಚ್ಚಾಗಿ ರಜೆಗೆ ಬಂದ ಕಾಲೇಜು ಹುಡುಗ ಹುಡುಗಿಯರು. ಬಸ್ಸು ಹೊರಡುವ ಹೊತ್ತಿಗೆ ಅವರೆಲ್ಲ ಬಾಗಿಲಿಗೆ ಬಂದು ಸಾಲಾಗಿ ನಿಂತು ಹಾಡಿ ಅತಿಥಿಗಳನ್ನು ಬೀಳ್ಕೊಡುವ ಪದ್ಧತಿ ಇತ್ತು. ಬೀಳ್ಕೊಡುಗೆಯ ಹಾಡಿಗಾಗಿಯೇ ಆ ಬಸ್ಸುಗಳನ್ನು ನೆನೆಸಿಕೊಳ್ಳುವ ಹಳಬರಿದ್ದಾರೆ.

ನಾಲ್ಕೇ ವರ್ಷಕ್ಕೆ, 1932ರ ಸೆಪ್ಟೆಂಬರಿನಲ್ಲಿ, ಅಡುಗೆಮನೆಯಿಂದ ಎದ್ದ ಬೆಂಕಿಗೆ ಮುಖ್ಯ ಕಟ್ಟಡ ಬಲಿಯಾಯಿತು. ಸುತ್ತಲಿನ ಕ್ಯಾಬಿನ್ನುಗಳು ಬಹುಪಾಲು ಉಳಿದವು. ದೇಶ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಕಾಲ ಅದು, ಮತ್ತೆ ಕಟ್ಟಲು ಕೈಹಾಕಿದ್ದು 1936ರಲ್ಲಿ. ಬೆಂಕಿ ಬಿಟ್ಟುಹೋಗಿದ್ದ ಕಲ್ಲಿನ ಗೋಡೆ, ಅಡಿಪಾಯಗಳ ಮೇಲೆಯೇ ಹೊಸ ಕಟ್ಟಡ ಎದ್ದಿತು. ಮೊದಲಿನದಕ್ಕೆ ಇದ್ದ ವೀಕ್ಷಣೆಯ ಗೋಪುರ ಈ ಸಲ ಇರಲಿಲ್ಲ. ಹಿಮ ನಿಲ್ಲದೆ ಜಾರಿಹೋಗಲಿ ಎಂದು ಮಾಡನ್ನು ಕಡಿದಾಗಿ ಇಳಿಸಿದರು. ಅಲಂಕಾರ ಕಡಿಮೆಯಾಯಿತು, ಆಯ ಹೆಚ್ಚಿತು. ಎರಡನೆಯದೇ ಮೊದಲಿನದಕ್ಕಿಂತ ಒಳ್ಳೆಯ ಕಟ್ಟಡ ಎಂದು ಚಿತ್ರಗಳನ್ನು ಹೋಲಿಸಿ ನೋಡಿದಾಗ ನನಗೆ ಅನ್ನಿಸಿದೆ. ಆ ಕಲ್ಲು ಹೊರಗಿನಿಂದ ತಂದದ್ದಲ್ಲ. ಕಣಿವೆಯ ಅಂಚಿನ ಕೈಬಾಬ್ ಸುಣ್ಣಕಲ್ಲೇ. ಎದುರಿನ ಯಾವುದೋ ಚಾಚಿನ ಮೇಲೆ ನಿಂತು ತಿರುಗಿ ನೋಡಿದರೆ ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತೆಂದು ಹೇಳಲು ಕಷ್ಟ.

ಅಂಡರ್‌ವುಡ್‌ನ ನಿಜವಾದ ಜಾಣ್ಮೆ ಇದ್ದದ್ದು ಒಳಹೋಗುವ ದಾರಿಯಲ್ಲಿ. ಕಾರು ನಿಲ್ಲಿಸಿ ಲಾಡ್ಜಿನ ಎದುರಿಗೆ ಬಂದರೆ ಪೈನ್ ಮರಗಳು, ಕಲ್ಲಿನ ಕಮಾನು, ತಗ್ಗಾದ ಮಾಡು ಇಷ್ಟೇ ಕಾಣುತ್ತಿದ್ದವು. ಕಣಿವೆಯ ಸುಳಿವೇ ಇಲ್ಲ. ಕಟ್ಟಡವೇ ಅಡ್ಡ ನಿಂತು ಅದನ್ನು ಮರೆಮಾಡಿತ್ತು. ಬಾಗಿಲು ದೂಡಿ ಮಬ್ಬು ಬೆಳಕಿನ ಹಜಾರಕ್ಕೆ ಬಂದು, ಎದುರಿಗೇ ಇದ್ದ ಕೆಲವು ಮೆಟ್ಟಿಲು ಇಳಿದರೆ ಬಿಸಿಲುಕೋಣೆ. ಅದರ ಆಚೆ ಗೋಡೆಯಿಡೀ ಗಾಜು. ಆ ಗಾಜಿನಾಚೆ ನೆಲವೇ ಇಲ್ಲ. ಇಳಿಯುತ್ತಿದ್ದವರೆಲ್ಲ ಕೊನೆಯ ಮೆಟ್ಟಿಲಿನಲ್ಲಿ ನಿಂತುಬಿಡುತ್ತಿದ್ದರು. ಹಿಂದೆ ಬರುತ್ತಿದ್ದವರು ಅವರಿಗೆ ಡಿಕ್ಕಿ ಹೊಡೆದು ತಾವೂ ನಿಲ್ಲುತ್ತಿದ್ದರು. ನಾನು ಅಲ್ಲಿ ಒಂದು ಸೋಫಾದಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಮಕ್ಕಳು ಓಡಿಬಂದು ಗಾಜಿಗೆ ಅಂಗೈ ಒತ್ತುತ್ತಿದ್ದರು. ವಯಸ್ಸಾದವರೊಬ್ಬರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡದ್ದು ಕಣ್ಣಿಗೆ ಕಟ್ಟಿದಂತಿದೆ. ಸಾವಿರ ಸಲ ಫೋಟೊದಲ್ಲಿ ನೋಡಿದ್ದನ್ನು ಮೊದಲ ಸಲ ನೋಡಿದಂತೆ ಮಾಡುವುದು ಸುಲಭದ ಕೆಲಸವಲ್ಲ. ಒಂದು ಮನೆಯ ಪಾಯದ ನಕ್ಷೆ ಅದನ್ನು ಮಾಡಿತ್ತು.

ಬಿಸಿಲುಕೋಣೆಯ ಎರಡು ಪಕ್ಕಕ್ಕೂ ಕಲ್ಲುಹಾಸಿನ ತೆರೆದ ಜಗಲಿ. ಒಂದು ಕಡೆ ಆಳೆತ್ತರದ ಅಗ್ಗಿಷ್ಟಿಕೆ, ಸಾಲಾಗಿ ಮರದ ಕುರ್ಚಿಗಳು. ನಾವು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಆಸ್ಪೆನ್ ಎಲೆ ಹಳದಿಗೆ ತಿರುಗುವ ಕಾಲ. ಫೀನಿಕ್ಸಿನಲ್ಲಿರುವ ಅಕ್ಕ ಭಾವ ಜೊತೆಗಿದ್ದರು. ಕಾಫಿ ಲೋಟ ಹಿಡಿದು ಕೂತ ಅಕ್ಕ ಸ್ವಲ್ಪ ಹೊತ್ತು ನೋಡಿ, “ಇಷ್ಟು ದೂರ ಬಂದ್ರೂ ನದಿನೇ ಕಾಣ್ಸಲ್ವಲ್ಲೋ” ಅಂದಳು.

“ನೀರಿನ ಸದ್ದು ಕೇಳ್ತಿದ್ಯಲ್ಲಕ್ಕ, ಅದೇನು ಮತ್ತೆ?”

“ಅದು ನದಿ ಅಲ್ಲಪ್ಪ, ಒರತೆ” ಅಂದರು ಭಾವ.

ಅಕ್ಕ ಭಾವ ಇಬ್ಬರ ಮಾತೂ ಸರಿ. ಲಾಡ್ಜಿನಿಂದಾಗಲೀ ಅದರ ಪಕ್ಕದ ಬ್ರೈಟ್ ಏಂಜಲ್ ಪಾಯಿಂಟಿನಿಂದಾಗಲೀ ಕೊಲರಾಡೊ ನದಿ ಕಾಣುವುದಿಲ್ಲ. ಯಾಕೆ ಎಂದು ತಿಳಿದರೆ ಆ ಕಣಿವೆ ಆಗಿರುವ ಬಗೆಯೇ ತಿಳಿಯುತ್ತದೆ. ಅಲ್ಲಿನ ಕಲ್ಲಿನ ಪದರುಗಳು ಉತ್ತರದಿಂದ ದಕ್ಷಿಣಕ್ಕೆ ಮೆಲ್ಲಗೆ ಇಳಿಯುತ್ತವೆ, ಒಂದೇ ಕಡೆ ವಾಲಿಸಿದ ಹಿತ್ತಿಲ ಮಾಡಿನ ಹಾಗೆ. ಉತ್ತರದ ಅಂಚು ದಕ್ಷಿಣದ ಅಂಚಿಗಿಂತ 300 ಮೀಟರಿನಷ್ಟು ಮೇಲಿದೆ. ಉತ್ತರದ ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ, ಹಿಮ ಎಲ್ಲ ಇಳಿಜಾರಿನಲ್ಲಿ ಕಣಿವೆಯ ಕಡೆಗೇ ಹರಿಯುತ್ತದೆ. ದಕ್ಷಿಣದ ಅಂಚಿನ ಮೇಲೆ ಬಿದ್ದದ್ದು ಕಣಿವೆಗೆ ಬೆನ್ನು ಹಾಕಿ ಆಚೆ ಹೋಗುತ್ತದೆ. ಹೀಗಾಗಿ ಉತ್ತರದ ಗೋಡೆಯನ್ನು ನೀರು ಲಕ್ಷಾಂತರ ವರ್ಷ ಕೊರೆದು ಕೊರೆದು ನದಿಯಿಂದ ಬಹಳ ಹಿಂದಕ್ಕೆ ಸರಿಸಿದೆ. ದಕ್ಷಿಣದ ಗೋಡೆ ನದಿಗೆ ಹತ್ತಿರವೇ ಕಡಿದಾಗಿ ಉಳಿದಿದೆ. ನದಿಯಿಂದ ಉತ್ತರದ ಅಂಚಿಗಿರುವ ದೂರ ದಕ್ಷಿಣದ ಅಂಚಿಗಿರುವ ದೂರದ ಎರಡು ಪಟ್ಟಿಗೂ ಹೆಚ್ಚು. ಹಾಗೆ ಹಿಂದೆ ಸರಿದ ಜಾಗದಲ್ಲೆಲ್ಲ ಒಳಕಣಿವೆಗಳು, ಅವುಗಳ ನಡುವೆ ಒಂಟಿಯಾಗಿ ಉಳಿದ ಗುಡ್ಡಗಳು. ಲಾಡ್ಜಿನ ಜಗಲಿಯಿಂದ ಕಾಣುತ್ತಿದ್ದದ್ದು ಆ ಗುಡ್ಡಗಳ ಸಾಲು.

ಆ ಗುಡ್ಡಗಳ ಹೆಸರು ಕೇಳಿದರೆ ನಮ್ಮವರು ಬೆರಗಾಗುತ್ತಾರೆ. ದೇವ, ಬ್ರಹ್ಮ, ಜರತುಷ್ಟ್ರ: ಲಾಡ್ಜಿನ ಎದುರಿಗೆ ಒಂದರ ಹಿಂದೆ ಒಂದು ನಿಂತ ಮೂರು ಶಿಖರಗಳಿವು. ನಕ್ಷೆ ಬಿಡಿಸಿದರೆ ವಿಷ್ಣು, ಶಿವ, ಮನು, ಬುದ್ಧ ಎಲ್ಲರ ಹೆಸರಿನ ‘ಟೆಂಪಲ್’ಗಳೂ ಸಿಗುತ್ತವೆ. ಈ ಪದ್ಧತಿ ಶುರುಮಾಡಿದವನು ಭೂವಿಜ್ಞಾನಿ ಕ್ಲಾರೆನ್ಸ್ ಡಟನ್. ಕಣಿವೆಯ ಬಗ್ಗೆ ಅವನ ಮಹಾಗ್ರಂಥ 1882ರಲ್ಲಿ ಪ್ರಕಟವಾಯಿತು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಚೂಪಾಗುವ ಆ ಗುಡ್ಡಗಳಲ್ಲಿ ಅವನಿಗೆ ಪೂರ್ವದೇಶದ ಗುಡಿಗೋಪುರಗಳು ಕಂಡವು. ಮುಂದೆ ನಕ್ಷೆ ಮಾಡಿದವರು ಅದೇ ಜಾಡು ಹಿಡಿದರು. ಕಣಿವೆಯ ತಳದ ಕಪ್ಪುಶಿಲೆಗೂ ವಿಷ್ಣು ಶಿಸ್ಟ್ ಎಂದೇ ಹೆಸರು. ಅದರ ವಯಸ್ಸು ಸುಮಾರು 175 ಕೋಟಿ ವರ್ಷ. ಲಾಡ್ಜ್ ನಿಂತಿದ್ದ ಸುಣ್ಣಕಲ್ಲಿಗೆ ಸುಮಾರು 27 ಕೋಟಿ. ನದಿ ಇದನ್ನೆಲ್ಲ ಕೊರೆದು ಇಂದಿನ ಕಣಿವೆ ಮಾಡಿದ್ದು ಬಹುಪಾಲು ಕಳೆದ ಐದಾರು ದಶಲಕ್ಷ ವರ್ಷಗಳಲ್ಲಿ. ಬೆಂಗಳೂರಿನವರು ಒಂದು ಮಾತು ನೆನಪಿಡಬಹುದು: ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ವಿಷ್ಣು ಶಿಸ್ಟ್ ಹುಟ್ಟುವ ಹೊತ್ತಿಗಾಗಲೇ ಅದಕ್ಕೆ ನೂರು ಕೋಟಿ ವರ್ಷ ದಾಟಿತ್ತು. ಹಳೆಯ ಕಲ್ಲಿಗಾಗಿ ಅಷ್ಟು ದೂರ ಹೋಗಬೇಕಿಲ್ಲ. ಹೋಗಬೇಕಾದದ್ದು ಕಲ್ಲಿನ ಒಂದು ಕಾಲದ ಮೇಲೆ ಇನ್ನೊಂದು ಕಾಲ ಕೂತಿರುವುದನ್ನು ಒಂದೇ ನೋಟಕ್ಕೆ ಕಾಣುವುದಕ್ಕೆ.

ಒಂದೇ ನೋಟಕ್ಕೆ ಎಂದೆ. ಅದಕ್ಕೆ ಇಡೀ ದಿನ ಬೇಕು. ಉತ್ತರದ ಅಂಚಿನಲ್ಲಿ ನಿಂತವರು ದಕ್ಷಿಣಕ್ಕೆ, ಬಿಸಿಲಿಗೆ ಎದುರಾಗಿ ನೋಡುತ್ತಾರೆ. ನಡುಹಗಲಿನಲ್ಲಿ ಎಲ್ಲವೂ ಮಸುಕು, ಒಂದೇ ಬಣ್ಣ. ದಿನದ ಪ್ರವಾಸಿಗರು ಬರುವುದು ಆ ಹೊತ್ತಿಗೇ. ನಾಲ್ಕು ಗಂಟೆ ಕಳೆದು ಬಿಸಿಲು ಓರೆಯಾಯಿತೆಂದರೆ ಬ್ರಹ್ಮನ ಗುಡ್ಡಕ್ಕೆ ಒಂದು ಪಕ್ಕ ನೆರಳು ಬೀಳುತ್ತದೆ, ಆಗ ಅದು ಹಿಂದಿನ ಗೋಡೆಯಿಂದ ಬಿಡಿಸಿಕೊಂಡು ಮುಂದೆ ಬರುತ್ತದೆ. ಅಲ್ಲಿಯವರೆಗೆ ಅಲ್ಲಿ ಒಂದು ಗುಡ್ಡ ಇದೆಯೆಂದೇ ನನಗೆ ತಿಳಿದಿರಲಿಲ್ಲ. ನೆರಳು ಕೆಳಗಿನಿಂದ ಮೇಲಕ್ಕೆ ತುಂಬುತ್ತ ಬರುತ್ತದೆ. ಮೊದಲು ಕಪ್ಪುಶಿಲೆಯ ಕಮರಿ, ಆಮೇಲೆ ಹಸಿರು ಛಾಯೆಯ ಜೇಡಿಕಲ್ಲಿನ ಹರವು, ಆಮೇಲೆ ಕೆಂಪುಗೋಡೆ. ಮೇಲಿನ ಬಿಳಿ ಮರಳುಗಲ್ಲಿಗೆ ಕೊನೆಯ ಬಿಸಿಲು. ಪೂರ್ತಿ ಕತ್ತಲಾದ ಮೇಲೆ ಎದುರು ದಡದ ಹಳ್ಳಿಯ ದೀಪಗಳು ಚುಕ್ಕಿಚುಕ್ಕಿಯಾಗಿ ಕಂಡವು. ಅಷ್ಟು ಹತ್ತಿರ, ಅಲ್ಲಿಗೆ ಐದು ಗಂಟೆಯ ದಾರಿ. ಕ್ಯಾಬಿನ್ನಿನಲ್ಲಿ ಟೀವಿ ಇರಲಿಲ್ಲ. ಜಗಲಿಯಲ್ಲಿ ಕೂತವರು ಒಬ್ಬೊಬ್ಬರಾಗಿ ಕಂಬಳಿ ತಂದು ಹೊದ್ದು ಮತ್ತೆ ಬಂದು ಕೂತರು. ಎಲ್ಲಿಂದ ಬಂದವರೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಜಗಲಿಯಲ್ಲಿ ನಮ್ಮ ಕಿವಿಗೆ ಬಿದ್ದ ಆ ನೀರಿನ ಸದ್ದು ರೋರಿಂಗ್ ಸ್ಪ್ರಿಂಗ್ಸ್ ಎಂಬ ಒರತೆಯದು. ಅಂಚಿನಿಂದ ಸುಮಾರು ಒಂದು ಕಿಲೋಮೀಟರ್ ಕೆಳಗೆ, ಬಂಡೆಯ ಗೋಡೆಯೊಳಗಿಂದ ನೇರವಾಗಿ ನೀರು ಧುಮ್ಮಿಕ್ಕುತ್ತದೆ. ಗಾಳಿ ನಿಂತ ಹೊತ್ತಿನಲ್ಲಿ ಅಷ್ಟು ಮೇಲಕ್ಕೂ ಅದರ ಸದ್ದು ಕೇಳಿಸುತ್ತದೆ. ಕೈಬಾಬ್ ಪ್ರಸ್ಥಭೂಮಿಯ ಮೇಲೆ ಹೊಳೆ, ಹಳ್ಳ ಎನ್ನುವುದು ಇಲ್ಲವೇ ಇಲ್ಲ ಎನ್ನಬಹುದು. ಕರಗಿದ ಹಿಮ ಸುಣ್ಣಕಲ್ಲು ಕುಸಿದು ಆದ ಗುಂಡಿಗಳಿಗೆ ಇಳಿದು, ಬಿರುಕುಗಳ ಹಾದಿ ಹಿಡಿದು, ಕೆಳಗಿನ ಜೇಡಿಕಲ್ಲಿನ ಪದರು ಅಡ್ಡಗಟ್ಟಿದಲ್ಲಿ ಪಕ್ಕಕ್ಕೆ ಒಡೆದು ಹೊರಬೀಳುತ್ತದೆ. ಲಾಡ್ಜ್ ಕಟ್ಟಿದಾಗಲೇ ರೈಲು ಕಂಪನಿ ಆ ಒರತೆಯ ಬುಡದಲ್ಲಿ ಪುಟ್ಟ ವಿದ್ಯುತ್ ಮನೆ ಕಟ್ಟಿ, ಆ ನೀರಿನ ಬಲದಿಂದಲೇ ಆ ನೀರನ್ನು ಮೇಲೆತ್ತಿತ್ತು. ನಾನು ಕೈತೊಳೆದ ನಲ್ಲಿಯ ನೀರು ಹಾಗೆ ಕಿಲೋಮೀಟರ್ ಎತ್ತರ ಏರಿಬಂದದ್ದು.

ದಕ್ಷಿಣದ ಅಂಚಿನ ಹೋಟೆಲುಗಳಲ್ಲಿ ಕುಡಿಯುವುದೂ ಇದೇ ಒರತೆಯ ನೀರು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ದಕ್ಷಿಣದ ಕಡೆ ಬಿದ್ದ ಮಳೆ ಆಚೆ ಹರಿದುಹೋಗುವುದರಿಂದ ಅಲ್ಲಿ ಸಾಕಷ್ಟು ನೀರಿಲ್ಲ. 1970ರಲ್ಲಿ ಮುಗಿದ ಅಲ್ಯೂಮಿನಿಯಂ ಕೊಳವೆಯೊಂದು ಒರತೆಯಿಂದ ಹೊರಟು, ಕಣಿವೆಯ ತಳಕ್ಕಿಳಿದು, ನದಿ ದಾಟಿ, ಸುಮಾರು 20 ಕಿಲೋಮೀಟರ್ ಸಾಗಿ ಆ ಕಡೆಗೆ ನೀರು ಮುಟ್ಟಿಸುತ್ತದೆ. ಕೆಲಸ ನಡೆಯುತ್ತಿದ್ದಾಗಲೇ 1966ರ ಡಿಸೆಂಬರಿನ ನೆರೆ ಅದನ್ನು ಕೊಚ್ಚಿ ಹಾಕಿತ್ತು. ಈಗ ಅದು ಹಳತಾಗಿದೆ, 2010ರಿಂದ ಈಚೆಗೆ 85ಕ್ಕೂ ಹೆಚ್ಚು ಸಲ ದೊಡ್ಡದಾಗಿ ಒಡೆದಿದೆ. 2024ರ ಆಗಸ್ಟ್ ಕೊನೆಯಲ್ಲಿ ಸಾಲಾಗಿ ಒಡೆದಾಗ ದಕ್ಷಿಣದ ಅಂಚಿನ ಹೋಟೆಲುಗಳು ರಾತ್ರಿಯ ಅತಿಥಿಗಳನ್ನು ವಾಪಸು ಕಳಿಸಬೇಕಾಯಿತು. ಹೊಸ ಕೊಳವೆಯ ಕೆಲಸ 2023ರಲ್ಲೇ ಶುರುವಾಗಿದೆ. ಬಂಡೆಯ ನೆತ್ತಿಯ ಮೇಲೆ ಕೋಣೆ ಕಟ್ಟುವುದು ಕಷ್ಟವಲ್ಲ. ಆ ಕೋಣೆಗೆ ಒಂದು ಬಕೆಟ್ಟು ನೀರು ಮುಟ್ಟಿಸುವುದು ಕಷ್ಟ. ನಮ್ಮ ಗುಡ್ಡಗಳಲ್ಲಿ ರೆಸಾರ್ಟಿಗೆ ಅನುಮತಿ ಕೊಡುವ ಕಡತದಲ್ಲಿ ಈ ಪ್ರಶ್ನೆ ಮೊದಲ ಪುಟದಲ್ಲಿ ಇರಬೇಕು.

ಇನ್ನು ಕಾಡು. ಲಾಡ್ಜಿನ ಸುತ್ತ ಇದ್ದದ್ದು ಪಾಂಡರೋಸಾ ಪೈನ್. ನೇರವಾಗಿ ಬೆಳೆಯುವ ಎತ್ತರದ ಮರ. ಬಲಿತ ಮರದ ತೊಗಟೆ ದಪ್ಪ, ಕಿತ್ತಳೆ ಬಣ್ಣ. ಬಿಸಿಲಿನಲ್ಲಿ ಅದಕ್ಕೆ ಮೂಗು ತಾಗಿಸಿದರೆ ವೆನಿಲಾದ ಪರಿಮಳ. ಆ ಮರಗಳ ಮೇಲೆ ಕೈಬಾಬ್ ಅಳಿಲು: ಮೈ ಕಪ್ಪು, ಕಿವಿಯಲ್ಲಿ ಕೂದಲ ಜುಟ್ಟು, ಬಾಲ ಮಾತ್ರ ಅಚ್ಚ ಬಿಳಿ. ಈ ಪ್ರಸ್ಥಭೂಮಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಅದು ಸ್ವಾಭಾವಿಕವಾಗಿಲ್ಲ. ಕಣಿವೆಯ ಆಚೆ ದಡದಲ್ಲಿ ಅದರ ದಾಯಾದಿ ಏಬರ್ಟ್ ಅಳಿಲು ಬೇರೆಯೇ ಬಣ್ಣ ತಳೆದಿದೆ. ಕಣಿವೆ ಅವುಗಳ ನಡುವೆ ಗೋಡೆಯಾಯಿತು. ಈ ಬಗೆಯ ಬೇರ್ಪಡಿಕೆಯ ಬೆನ್ನು ಹತ್ತಿಯೇ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ 1937ರಲ್ಲಿ ಹ್ಯಾರಲ್ಡ್ ಆಂಟನಿಯ ಮುಂದಾಳ್ತನದಲ್ಲಿ ಶಿವ ಟೆಂಪಲ್ ಗುಡ್ಡದ ನೆತ್ತಿಗೆ ತಂಡ ಕಳಿಸಿತ್ತು. ಸಾವಿರಾರು ವರ್ಷ ಒಂಟಿಯಾಗಿ ಉಳಿದ ಆ ನೆತ್ತಿಯಲ್ಲಿ ಹೊಸ ಪ್ರಾಣಿ ಇರಬಹುದೆಂದು ಪತ್ರಿಕೆಗಳು ಹುಯಿಲೆಬ್ಬಿಸಿದ್ದವು. ಸಿಕ್ಕಿದ್ದು ಮಾಮೂಲಿ ಇಲಿ, ಅಳಿಲು. ಜೊತೆಗೆ ಒಂದು ಖಾಲಿ ಕೊಡಕ್ ಡಬ್ಬಿ: ದಕ್ಷಿಣದ ಅಂಚಿನ ಛಾಯಾಗ್ರಾಹಕ ಎಮರಿ ಕೋಲ್ಬ್ ಮೊದಲೇ ಹತ್ತಿ ಇಳಿದು ಬಿಟ್ಟುಬಂದದ್ದು.

ಪಾಂಡರೋಸಾ ಮರದ ಆ ದಪ್ಪ ತೊಗಟೆ ಸುಮ್ಮನೆ ಬಂದದ್ದಲ್ಲ. ಹಿಂದೆ ಕೆಲವೇ ವರ್ಷಗಳಿಗೊಮ್ಮೆ ಆ ಕಾಡಿನಲ್ಲಿ ಸಿಡಿಲಿನ ಬೆಂಕಿ ಹರಿಯುತ್ತಿತ್ತು. ನೆಲದ ಹುಲ್ಲು, ತರಗೆಲೆ, ಎಳೆಯ ಸಸಿ ಸುಡುತ್ತಿದ್ದವು. ದೊಡ್ಡ ಮರ ಬುಡ ಕಪ್ಪಾಗಿಸಿಕೊಂಡು ಉಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದನ ಕುರಿಗಳ ಹಿಂಡು ಬಂದು ಹುಲ್ಲು ಮೇಯ್ದವು. ಆಮೇಲೆ ಸರ್ಕಾರ ಬೆಂಕಿ ಕಂಡಲ್ಲೆಲ್ಲ ಆರಿಸಿತು. ನೂರು ವರ್ಷದಲ್ಲಿ ಮರಗಳ ನಡುವಿನ ಜಾಗವೆಲ್ಲ ಸಸಿ, ಒಣಕಟ್ಟಿಗೆ ತುಂಬಿಕೊಂಡು, ನೆಲದ ಬೆಂಕಿ ನೆತ್ತಿಗೇರಲು ಏಣಿಯಾಯಿತು. ಉದ್ಯಾನದವರಿಗೆ ಇದು ತಿಳಿಯದ ಸಂಗತಿಯಲ್ಲ. ದಶಕಗಳಿಂದ ಅವರು ಹವೆ ನೋಡಿ ತಾವೇ ಸಣ್ಣ ಬೆಂಕಿ ಹಾಕುತ್ತ ಬಂದಿದ್ದಾರೆ. ಅದರಲ್ಲೂ ಅಪಾಯವಿದೆ, 2000ದಲ್ಲಿ ಇದೇ ಅಂಚಿನಲ್ಲಿ ಹಾಗೆ ಹಾಕಿದ ಬೆಂಕಿಯೊಂದು ಗಾಳಿಗೆ ಕೈಮೀರಿ ಹೋಗಿತ್ತು.

2025ರ ಜುಲೈ 4ರಂದು ಸಿಡಿಲು ಬಡಿದು ಹೊತ್ತಿದ ಬೆಂಕಿಗೆ ‘ಡ್ರ್ಯಾಗನ್ ಬ್ರಾವೊ’ ಎಂದು ಹೆಸರಾಯಿತು. ಮೊದಲಿಗೆ ಅದನ್ನು ಪೂರ್ತಿ ಆರಿಸದೆ, ಸುತ್ತ ಗೆರೆ ಹಾಕಿ ಅದರೊಳಗೆ ಉರಿಯಲು ಬಿಟ್ಟರು. ವಾರ ಕಳೆದ ಮೇಲೆ ಬಿರುಗಾಳಿ ಎದ್ದು ಬೆಂಕಿ ಗೆರೆ ದಾಟಿತು. ಜನರನ್ನು ಮೊದಲೇ ಹೊರಗೆ ಕಳಿಸಿದ್ದರು. ಶನಿವಾರ ರಾತ್ರಿ ಲಾಡ್ಜ್, ಹತ್ತಾರು ಕ್ಯಾಬಿನ್ನು, ನೌಕರರ ಮನೆಗಳು ಸುಟ್ಟವು. ನೀರು ಶುದ್ಧೀಕರಿಸುವ ಘಟಕದಿಂದ ಕ್ಲೋರಿನ್ ಅನಿಲ ಸೋರಿತು. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗು ಹುಡುಕಿ ಇಳಿಯುವ ಅನಿಲ. ಅಂಚಿನಲ್ಲಿ ಸೋರಿದ್ದು ಕಣಿವೆಗೆ ಇಳಿದೀತೆಂದು ಕೆಳಗಿದ್ದ ಚಾರಣಿಗರನ್ನೂ ಅವಸರವಾಗಿ ತೆರವು ಮಾಡಿಸಬೇಕಾಯಿತು. ಬೆಂಕಿ ಕೊನೆಗೆ ಹತೋಟಿಗೆ ಬರುವ ಹೊತ್ತಿಗೆ 1.45 ಲಕ್ಷ ಎಕರೆ ದಾಟಿತ್ತು. ಬೇಸಿಗೆಯ ಕಡುಬಿಸಿಲಿನಲ್ಲಿ ಬೆಂಕಿಯನ್ನು ಉರಿಯಲು ಬಿಟ್ಟ ತೀರ್ಮಾನದ ಬಗ್ಗೆ ತನಿಖೆಯಾಗಲಿ ಎಂದು ಅರಿಜೋನಾದ ಗವರ್ನರ್ ಕೇಟಿ ಹಾಬ್ಸ್ ಒತ್ತಾಯಿಸಿದರು. ಆ ಪ್ರಶ್ನೆ ಕೇಳಲೇಬೇಕಾದದ್ದು. ಸಣ್ಣ ಬೆಂಕಿ ಬೇಕು ಎನ್ನುವವರು ಅದು ಯಾವ ತಿಂಗಳಲ್ಲಿ ಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇದರ ಉತ್ತರ ಗೊತ್ತಿತ್ತು. ಬೇಸಿಗೆ ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ಪಸೆ ಇರುವಾಗ, ಅವರು ಕಾಡಿನ ತರಗಿಗೆ ಬೆಂಕಿ ಹಾಕುತ್ತಿದ್ದರು. ಅದು ತರಗು ಬೆಂಕಿ. ಮೊಣಕಾಲೆತ್ತರ ಉರಿದು ಆರಿಹೋಗುವುದು. ವನ್ಯಜೀವಿ ಕಾಯ್ದೆ ಬಂದು, ಅಭಯಾರಣ್ಯವಾಗಿ, ಆ ಪದ್ಧತಿ ನಿಂತಿತು. ಲಾಂಟಾನ ಹಬ್ಬಿ ಕಾಡಿನ ನೆಲವೇ ಕಾಣದಂತಾಯಿತು ಎಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಸಂಶೋಧಕರೂ ಅವರ ಮಾತಿಗೆ ತೂಕ ಕೊಡುತ್ತಿದ್ದಾರೆ. ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಸುಟ್ಟಾಗ ಹೊತ್ತಿದ್ದು ಇಂಥ ಒಣ ಪೊದೆಯೂ ಹೌದು. ಕೈಬಾಬಿನಲ್ಲೂ ಬಿಳಿಗಿರಿಯಲ್ಲೂ ನೆಲ ಬೇರೆ, ಮರ ಬೇರೆ, ಮಳೆ ಬೇರೆ. ಆದರೂ ಕಾಡಿನ ಜೊತೆ ಬಾಳಿದವರನ್ನು ಕೇಳದೆ ಮಾಡಿದ ನಿಯಮದ ಫಲ ಎರಡೂ ಕಡೆ ಒಂದೇ ಬಗೆಯದು.

ಸುಟ್ಟ ಲಾಡ್ಜಿನ ಚಿತ್ರಗಳಲ್ಲಿ ಕಲ್ಲಿನ ಗೋಡೆಗಳೂ ಹೊಗೆಗೂಡೂ ನಿಂತೇ ಇವೆ. 1936ರಲ್ಲಿ ಮಾಡಿದ್ದನ್ನೇ ಈಗಲೂ ಮಾಡಬಹುದು, ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಜಾಗವನ್ನು ಬರಿದೇ ಬಿಟ್ಟು ಪ್ರಕೃತಿಗೆ ಒಪ್ಪಿಸಿ ಎನ್ನುವವರ ಮಾತಿನಲ್ಲಿ ಸತ್ಯಾಂಶವಿದೆ. ಹಾಗೆ ಬಿಟ್ಟರೆ ಉತ್ತರದ ಅಂಚೂ ಮಧ್ಯಾಹ್ನ ಬಂದು ಸಂಜೆ ಹೋಗುವ ಜಾಗವಾಗುತ್ತದೆ. ಓರೆಬಿಸಿಲಿನಲ್ಲಿ ಗುಡ್ಡ ಬಿಡಿಸಿಕೊಳ್ಳುವುದನ್ನು ಕಾಣುವವರು ಬೆನ್ನಿಗೆ ಗುಡಾರ ಹೊರಬಲ್ಲ ಗಟ್ಟಿಗರು ಮಾತ್ರ ಆಗುತ್ತಾರೆ. ಮೊಣಕಾಲು ನೋವಿನ ನನ್ನ ಅಕ್ಕ ಆ ಕುರ್ಚಿಯಲ್ಲಿ ಕೂತು ನೋಡಿದ್ದು ಅಲ್ಲೊಂದು ಮನೆ ಇದ್ದುದರಿಂದ.

ಅದೇ ಪಾಯದ ಮೇಲೆ, ಅದೇ ಕಲ್ಲಿನಿಂದ, ಎದುರು ಗೋಡೆಯಲ್ಲಿ ಕಣಿವೆಯ ಸುಳಿವು ಕೊಡದ ಅದೇ ನಕ್ಷೆಯಲ್ಲಿ ಕಟ್ಟಲಿ. ಕೋಣೆಗಳ ಲೆಕ್ಕ ಹಿಂದಿನದಕ್ಕಿಂತ ಒಂದೂ ಹೆಚ್ಚದಿರಲಿ. ಒರತೆಯ ನೀರು ಎರಡು ಅಂಚಿಗೂ ಸಾಲಬೇಕು. ಮಾಡಿಗೆ ಕಿಡಿ ತಾಗದ ಹೊದಿಕೆ ಬರಲಿ. ನೀರಿಗೆ ಬಳಸುವ ಕ್ಲೋರಿನ್ ಅನಿಲದ ಸಿಲಿಂಡರುಗಳನ್ನು ಕಣಿವೆಯ ನೆತ್ತಿಯಲ್ಲಿ ಮತ್ತೆ ಇಡುವುದು ಬೇಡ, ಶುದ್ಧೀಕರಣಕ್ಕೆ ಬೇರೆ ವಿಧಾನಗಳಿವೆ. ಸುಟ್ಟ ಕಾಡಿನ ಬೂದಿ, ಕೊಚ್ಚಿದ ಮಣ್ಣು ಹಿಮದ ನೀರಿನ ಜೊತೆ ಅದೇ ಕುಸಿದ ಗುಂಡಿಗಳಿಗೆ ಇಳಿದು ಒರತೆ ಸೇರುವ ದಾರಿಯಲ್ಲಿರುತ್ತವೆ, ಆದ್ದರಿಂದ ಕಟ್ಟಡಕ್ಕೆ ಮೊದಲು ಆ ಗುಂಡಿಗಳ ಸುತ್ತಲ ನೆಲ ಕಾಯುವ ಕೆಲಸ ಆಗಬೇಕು. ಕಟ್ಟಲು ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಪ್ರತಿವರ್ಷ ಹಿಮ ಬೀಳುವ ಮುಂಚೆ, ನೆಲ ತಣ್ಣಗಿರುವ ದಿನ ನೋಡಿ, ಲಾಡ್ಜಿನ ಸುತ್ತಲ ತರಗಿಗೆ ಬೆಂಕಿ ಹಾಕುವ ಆಳುಗಳ ಸಂಬಳಕ್ಕೆ ಈಗಲೇ ಮೀಸಲಿಡಬೇಕು.